ಎಡಗಡೆ ಹಾಡುವುದಿಲ್ಲ

"ನಿಮ್ಮಬ್ಬಾ ಇಯರ್‌ಫೋನ್ ತಗೊಂಡಾರ, ಗೊತ್ತೈತೇನು ನಿನಗ? ತಗೊಂಡಿದ್ದಷ್ಟ ಅಲ್ಲ, ಕೆಟ್ಟೈತಿ ಅಂತ ಎರಡು ಸಲ ಬದಲು ಮಾಡಿಸ್ಯಾರಂತ."

ಸಿಂಧನೂರಿನ ಬಸ್ಸಿನಲ್ಲಿ ಸೀಟು ಹಿಡಿಯುವ ಮೊದಲೇ ಶಿವರಂಜನಿ ಈ ಸುದ್ದಿ ಹೇಳಿಬಿಟ್ಟಳು. ಮೊಬೈಲ್ ಅಂಗಡಿಯ ಗಂಗಾಧರ ಅವಳಿಗೆ ದೂರದ ಸಂಬಂಧ. ನಿನ್ನೆ ಸಂಜೆ ಅವನೇ ಹೇಳಿದ್ದಂತೆ. ನಗ್ಮಾ ನಕ್ಕಳು. ಅವಳ ಅಬ್ಬಾ ಖಾದರಬಾಷಾ ಮಸ್ಕಿಯಲ್ಲಿ ಹಿಟ್ಟಿನ ಗಿರಣಿ ನಡೆಸುವವನು. ಒತ್ತುವ ಬಟನ್ನಿನ ಫೋನು ಬಿಟ್ಟು ಇನ್ನೊಂದನ್ನು ಮುಟ್ಟದವನು. ಅವನಿಗೇಕೆ ಇಯರ್‌ಫೋನು?

ಬೇಕಾಗಿದ್ದುದು ನಗ್ಮಾಗೆ. ಬಿ.ಎ. ಕೊನೆಯ ವರ್ಷದ ಜೊತೆಗೆ ನೌಕರಿ ಪರೀಕ್ಷೆಗೂ ಓದುತ್ತಿದ್ದ ಅವಳ ಪಾಠಗಳೆಲ್ಲ ಫೋನಿನಲ್ಲೇ ಇದ್ದವು. ದಾರಿಯಲ್ಲಿ ಕೇಳೋಣವೆಂದರೆ ಬಸ್ಸಿನ ಇಂಜಿನ್ನು, ಮನೆಯಲ್ಲಿ ಕೇಳೋಣವೆಂದರೆ ಗೋಡೆಗೆ ಹತ್ತಿದ ಗಿರಣಿ. ವಾಲ್ಯೂಮು ಪೂರ್ತಿ ಏರಿಸಿ ಕೇಳಿ ಕೇಳಿ ತಲೆನೋವು ಬರುತ್ತಿತ್ತು. ಹದಿನೈದು ದಿನದಿಂದ ಅವಳು ಫೋನಿನಲ್ಲಿ ಹುಡುಕಿದ್ದೇ ಹುಡುಕಿದ್ದು. ಹೊರಗಿನ ಗದ್ದಲವನ್ನು ತಾವೇ ಅಳಿಸಿಹಾಕುವ ದುಬಾರಿಯವು ತನ್ನ ಕೈಗೆ ನಿಲುಕುವುದಿಲ್ಲ ಎಂದು ಮೊದಲನೇ ದಿನವೇ ಗೊತ್ತಾಗಿತ್ತು. ಆದರೆ ರಬ್ಬರಿನ ಟೊಪ್ಪಿಗೆಯಿಂದ ಕಿವಿಯ ಬಾಯನ್ನೇ ಬಿಗಿಯಾಗಿ ಮುಚ್ಚುವ ವೈರಿನವು ಇರುತ್ತವೆ. ಹೊರಗಿನದು ಒಳಗೆ ಬರುವುದಿಲ್ಲ, ಹಾಗಾಗಿ ಸಣ್ಣ ದನಿಯಲ್ಲಿ ಕೇಳಬಹುದು, ಕಿವಿಯೂ ಉಳಿಯುತ್ತದೆ. ಬಸ್ಸಿಗೂ ಅದೇ, ಮನೆಗೂ ಅದೇ. ಇಷ್ಟನ್ನು ಅವಳು ಊಟದ ಹೊತ್ತಿನಲ್ಲಿ ಅಬ್ಬಾನಿಗೆ ವಿವರಿಸಿದ್ದಳು. ಅವನು ರೊಟ್ಟಿ ಮುರಿಯುತ್ತ ಕೂತಿದ್ದ. ಕೇಳಿಸಿಕೊಂಡನೋ ಇಲ್ಲವೋ ಅನ್ನಿಸಿತ್ತು.

ಸಂಜೆ ಕಾಲೇಜು ಬಿಟ್ಟು ಮಸ್ಕಿಯಲ್ಲಿ ಇಳಿದವರೇ ಇಬ್ಬರೂ ನೇರ ಗಂಗಾಧರನ ಅಂಗಡಿಗೆ ಹೋದರು. ಅವನು ಡಬ್ಬಿ ತೆಗೆದು ಮುಂದಿಟ್ಟ. ಅವತ್ತು ಮಧ್ಯಾಹ್ನವೇ ಖಾದರಬಾಷಾ ಮೂರನೆಯದನ್ನೂ ವಾಪಸ್ಸು ಇಟ್ಟು ಹೋಗಿದ್ದನಂತೆ. ಪ್ರತಿ ಸಲವೂ ಒಂದೇ ದೂರು, ಎಡಗಡೆ ಹಾಡುವುದಿಲ್ಲ ಎಂದು. ಗಂಗಾಧರ ತನ್ನ ಕಿವಿಗೆ ಹಾಕಿ ನೋಡಿದರೆ ಎರಡೂ ಕಡೆ ಸರಿ. ಆದರೂ ಹಿರಿಯರಿಗೆ ಸುಳ್ಳು ಹೇಳುತ್ತೀರಿ ಎನ್ನುವುದು ಹೇಗೆಂದು ಸುಮ್ಮನೆ ಬದಲಿಸಿ ಕೊಟ್ಟಿದ್ದ.

"ಮೊದಲನೇ ಸಲ ಬಂದಾಗ ಏನಂದ್ರು ಗೊತ್ತೇನು ತಂಗಿ? 'ನನ್ನ ಮಗಳಿಗೆ ನನ್ನ ಗಿರಣಿ ಕೇಳಬಾರದು, ಅಂಥದು ಕೊಡು' ಅಂದ್ರು. ಅದಕ್ಕ ಇದನ್ನ ಕೊಟ್ಟೆ."

ನಗ್ಮಾ ಡಬ್ಬಿ ತಿರುಗಿಸಿ ಹೆಸರು ಓದಿದಳು. ಹದಿನೈದು ದಿನ ಹುಡುಕಿ ಅವಳು ಕೊನೆಗೆ ಉಳಿಸಿಕೊಂಡಿದ್ದ ಎರಡರಲ್ಲಿ ಅದೂ ಒಂದು. ಅಬ್ಬಾ ಒಂದೇ ಮಾತಿನಲ್ಲಿ ಅಲ್ಲಿಗೆ ಬಂದು ನಿಂತಿದ್ದ. ಅವನು ಅದನ್ನು ತನ್ನ ಕಿವಿಗೆ ಯಾಕೆ ಹಾಕಿಕೊಂಡ ಎಂಬುದು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಗಿರಣಿಯಲ್ಲಿ ಯಾರ ಚೀಲವನ್ನೂ ಅವನು ಹಾಗೇ ಕಟ್ಟಿ ಕೊಟ್ಟವನಲ್ಲ. ಬೀಳುತ್ತಿರುವ ಬಿಸಿ ಹಿಟ್ಟಿಗೆ ಕೈಯೊಡ್ಡಿ ಎರಡು ಬೆರಳಿನಲ್ಲಿ ತಿಕ್ಕಿ ನೋಡಿದ ಮೇಲೆಯೇ ಗಂಟು. ಮಗಳಿಗೆ ಕೊಡುವುದನ್ನು ನೋಡದೆ ಕೊಡುತ್ತಾನೆಯೇ?

ಡಬ್ಬಿಯಲ್ಲಿ ಮೂರು ಅಳತೆಯ ಟೊಪ್ಪಿಗೆಗಳಿದ್ದವು. ನಡುವಿನದು ಬಲಗಿವಿಗೆ ಕೂತಿತು. ಎಡಕ್ಕೆ ದೊಡ್ಡದೇ ಬೇಕಾಯಿತು. ಒತ್ತಿ ಕೂರಿಸುತ್ತಲೇ ಹೊರಗಿನ ರಸ್ತೆ, ಆಟೋ, ಎದುರಿನ ಹಣ್ಣಿನ ಗಾಡಿಯವನ ಕೂಗು ಎಲ್ಲ ದೂರ ಸರಿದವು. ಪಾಠ ಹಚ್ಚಿದಳು. ಎರಡೂ ಕಿವಿಯಲ್ಲಿ ಸ್ಪಷ್ಟವಾಗಿ ಕೇಳಿತು. ಪಾಠ ನಿಲ್ಲಿಸಿದಳು. ನಿಂತಲ್ಲೇ ಅವಳಿಗೆ ಒಂದೊಂದೇ ನೆನಪಾಗತೊಡಗಿತು. ಊಟಕ್ಕೆ ಅಬ್ಬಾ ಯಾವಾಗಲೂ ಗೋಡೆ ಎಡಕ್ಕೆ ಬರುವಂತೆ ಕೂರುವುದು. ಎಡದಿಂದ ಕರೆದರೆ ತಿರುಗದೆ ಇರುವುದು. ಇಪ್ಪತ್ತೆರಡು ವರ್ಷ ಎಡ ಮಗ್ಗುಲನ್ನು ಮೋಟರಿಗೆ ಕೊಟ್ಟು ನಿಂತಿರುವುದು.

"ಯಾಕ ಬೇ? ಕೆಟ್ಟೈತೇನು?" ಎಂದು ಶಿವರಂಜನಿ ಅವಳ ತೋಳು ಅಲುಗಿಸಿದಳು.

"ಎರಡೂ ಕಡೆ ಚಲೋ ಐತಿ. ಅದ ತ್ರಾಸು" ಎಂದಳು ನಗ್ಮಾ.

ಮನೆಗೆ ಬಂದಾಗ ಕರೆಂಟು ಹೋಗಿ ಗಿರಣಿ ನಿಂತಿತ್ತು. ಖಾದರಬಾಷಾ ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಳ್ಳುತ್ತ ಖಾಲಿ ಚೀಲದ ಮೇಲೆ ಕೂತಿದ್ದ. ಅವಳ ಕೈಯಲ್ಲಿ ಡಬ್ಬಿ ನೋಡಿ, ಗುಟ್ಟು ರಟ್ಟಾಯಿತೆಂದು ಸ್ವಲ್ಪ ನಾಚಿದ. ಅವಳು ಬಲಕ್ಕೆ ಹೋಗಿ ಕೂತು ಕೊಟ್ಟಳು. ಅವನು ಹಾಕಿಕೊಂಡು ತನ್ನ ಫೋನಿನ ರೇಡಿಯೋ ಹಚ್ಚಿದ.

"ಇದೂ ಅಷ್ಟ ನೋಡು. ಎಡಗಡೆ ಹಾಡಂಗಿಲ್ಲ. ಗಂಗಾಧರ ಎಲ್ಲಿಂದ ತರ್ತಾನೋ ಇಂಥ ಮಾಲು."

"ಅಬ್ಬಾ, ಎಡಗಡೇದು ಬಲಕ್ಕ ಹಾಕ್ಕೋ. ಬಲಗಡೇದು ಎಡಕ್ಕ."

ಹಾಕಿಕೊಂಡ. ಕೆಟ್ಟಿದೆ ಎಂದಿದ್ದು ಬಲಗಿವಿಯಲ್ಲಿ ಚೆನ್ನಾಗಿ ಹಾಡಿತು. ತೆಗೆದು, ಮತ್ತೆ ಅದಲು ಬದಲು ಮಾಡಿದ. ಮೂರನೆಯ ಸಲ ಮಾಡುವಾಗ ಬೆರಳುಗಳು ನಿಧಾನವಾದವು. ವೈರನ್ನು ಸುತ್ತಿ ಡಬ್ಬಿಯಲ್ಲಿ ಇಟ್ಟು, ಮೋಟರಿನ ಕಡೆ ನೋಡಿದ.

"ಯಾರ ಮುಂದೂ ಹೇಳಬ್ಯಾಡ" ಎಂದ. "ಕಲ್ಲು ಬಿಗಿ ಆತೋ ಸಡ್ಲ ಆತೋ ಸಪ್ಪಳದಾಗ ತಿಳೀಬೇಕು ಗಿರಣಿಯವಗ. ಕಿವುಡ ಅದಾನ ಅಂದ್ರ ನನ್ನ ಹತ್ರ ಜ್ವಾಳ ಯಾರ್ ತರ್ತಾರ?"

ಡಾಕ್ಟರಿಗೆ ತೋರಿಸೋಣವೆಂದಳು. ಬೇಡವೆಂದ. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ, ಇನ್ನೊಂದು ಕಿವಿ ಇದೆಯಲ್ಲ ಎಂದ. ಬರೀ ಗುಗ್ಗೆ ಕಟ್ಟಿದ್ದರೂ ಕಟ್ಟಿರಬಹುದು, ನೋಡಿಸದೆ ಹೇಗೆ ಗೊತ್ತಾಗುತ್ತದೆ ಎಂದಳು. ಅದಕ್ಕೂ ತಲೆ ಅಲ್ಲಾಡಿಸಿದ. ಇವನನ್ನು ಗಿರಾಕಿಗಳ ಮುಂದೆ ಸಣ್ಣವನನ್ನಾಗಿ ಮಾಡದೆ ಕರೆದೊಯ್ಯುವುದು ಹೇಗೆ? ಇದ್ದ ಕಿವಿಯೂ ಹೋದರೆ ಗತಿ ಏನು? ಅವಳು ಬೇರೇನೂ ತೋಚದೆ, ಮನಸ್ಸಿನಲ್ಲಿ ಕೊರೆಯುತ್ತಿದ್ದ ಮಾತನ್ನೇ ಹೇಳಿದಳು.

"ಸಿಂಧನೂರಾಗ ಹಾಸ್ಟೆಲ್‌ನ್ಯಾಗ ಇರ್ತೀನಿ ಅಂತ ಕೇಳಿದಾಗ ನೀ ಮಾರಿ ತಿರುವಿಕೊಂಡು ಸುಮ್ಮನ ಕುಂತಿದ್ದಿ. ನಾ ಎರಡು ದಿನ ನಿನ್ನ ಜೋಡಿ ಮಾತಾಡಲಿಲ್ಲ, ಅಬ್ಬಾ."

ಖಾದರಬಾಷಾ ಅವಳ ಕಡೆ ತಿರುಗಿದ.

"ಯಾವಾಗ ಕೇಳಿದ್ದಿ?"

ಇನ್ನೂ ಏನೇನು ಕೇಳದೆ ಹೋಗಿದೆಯೋ ಎಂದು ಲೆಕ್ಕ ಹಾಕುವವನಂತೆ ಅವನ ಕಣ್ಣುಗಳು ಅತ್ತಿತ್ತ ಓಡಾಡಿದವು. ಕರೆಂಟು ಬಂತು. ಮೇಲಿನ ಬಲ್ಬು ಹತ್ತಿಕೊಂಡಿತು. ಅವನು ಎದ್ದು ಗಿರಣಿಯ ಸ್ವಿಚ್ಚು ಹಾಕಲಿಲ್ಲ.

"ಲಿಂಗಸುಗೂರಾಗ ತೋರಸೋಣು. ಇಲ್ಲಿ ಬ್ಯಾಡ" ಎಂದ.

ನಗ್ಮಾ ಅಲ್ಲೇ ಕೂತು ಅಲ್ಲಿನ ಕಿವಿ ಡಾಕ್ಟರ ಆಸ್ಪತ್ರೆಗೆ ಫೋನು ಮಾಡಿದಳು. ಬೆಳಿಗ್ಗೆ ಹತ್ತೂವರೆಗೆ ಮೂರನೇ ನಂಬರು ಸಿಕ್ಕಿತು. ಉಳಿದದ್ದನ್ನು ಅಬ್ಬಾನೇ ಹೂಡಿದ. ಗಿರಣಿಗೆ ಬೆಲ್ಟ್ ತರುತ್ತೇನೆಂದು ಎಲ್ಲರಿಗೂ ಹೇಳಿ ಅವನು ಬೈಕಿನಲ್ಲಿ ಮುಂದೆ ಹೋಗಬೇಕು. ಅವಳು ಕಾಲೇಜಿಗೆ ಹೋದಂತೆ ಮನೆ ಬಿಟ್ಟು ಲಿಂಗಸುಗೂರಿನ ಬಸ್ಸು ಹತ್ತಬೇಕು.

"ಹತ್ತು ಗಂಟೆಕ್ಕ ಬಸ್‌ಸ್ಟ್ಯಾಂಡ್ ಗೇಟಿನ್ಯಾಗ ನಿಂತಿರ್ತೀನಿ" ಎಂದ. ಸ್ವಲ್ಪ ತಡೆದು, "ದೂರದಿಂದ ಕರೀಬ್ಯಾಡ ಮತ್ತ. ಹತ್ರ ಬಾ" ಎಂದ.