ಕೇಳುವವರೆಗೂ ಕೊಡದವಳು

ಬೆಟ್ಟಸ್ವಾಮಿ ಮಗುವಿನ ದವಡೆ ಅದುಮಿ ಹಿಡಿದು ಬಾಯಿ ಬಿಡಿಸುತ್ತಿದ್ದ. "ಅಜ್ಜೀ ಅನ್ನು. ಅನ್ನು ಅಂದ್ರೆ, ಮೂದೇವಿ! ಮಣ್ಣು ಮಾಡ್ಬುಟ್ರೆ ಮತ್ತೆ ಸಿಗಾಕಿಲ್ಲ ಕಣೇ."

ನಾಲ್ಕು ವರ್ಷದ ಶಿವಾನಿಯ ತುಟಿಯಿಂದ ಜೊಲ್ಲು ಇಳಿಯಿತು, ಮಾತು ಬರಲಿಲ್ಲ. ಎದುರಿಗೆ ಅವಳ ಅಜ್ಜಿ ಸುಂದ್ರಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಸೇವಂತಿಗೆ. ಮಗ ಗೌರೀಶ ತಾಯಿಯ ಹೆಣವೂ ಮಗಳ ಮುಖವೂ ಒಟ್ಟಿಗೆ ಬರುವ ಹಾಗೆ ಮೊಬೈಲ್ ಹಿಡಿದು ನಿಂತಿದ್ದ. ಥೂ! ಹೆತ್ತವಳು ಸತ್ತ ದಿನವೂ ಆ ಮನುಷ್ಯನಿಗೆ ವಿಡಿಯೋ ಬೇಕಿತ್ತು.

"ಬುಡಿ ಮಾವ, ನೋಯ್ತದೆ ಅದ್ಕೆ," ಎಂದು ಗೌರೀಶನ ಹೆಂಡತಿ ಚೈತ್ರ ಮಗಳನ್ನು ಬಿಡಿಸಿಕೊಂಡಳು.

"ಬಜೆ ತೇದು ನಾಲ್ಗೆಗೆ ಉಜ್ಜಿ ಅಂತ ಆವತ್ತೇ ಬಡ್ಕೊಂಡೆ," ಎಂದ ಬೆಟ್ಟಸ್ವಾಮಿ, ಕೈಗಂಟಿದ ಜೊಲ್ಲನ್ನು ಪಂಚೆಗೆ ಒರೆಸಿಕೊಳ್ಳುತ್ತ. "ನಮ್ಮಕ್ಕ ಕೇಳ್ನಿಲ್ಲ. ಕಟ್ಟೆಮಳಲವಾಡಿಯಿಂದ ವಾರ್ವಾರ ಮೈಸೂರಿಗೆ ಎತ್ಕೊಂಡ್ ಓಡಾಡಿದ್ಳು. ಏನ್ ಬಂತು?"

"ಇನ್ ಓಗದಿಲ್ಲ ಬುಡು ಮಾವ," ಎಂದ ಗೌರೀಶ. "ಕರ್ಕೊಂಡೋಗೋರೇ ಓದ್ರಲ್ಲ."

"ನಾನ್ ಓಯ್ತೀನಿ," ಎಂದಳು ಚೈತ್ರ.

"ನಿಂಗೇನ್ ಗೊತ್ತು? ಬಾಯ್ಮುಚ್ಕೊಂಡು ಒಳೀಕ್ ನಡಿ."

ಬಂದ ನೆಂಟರೆದುರಿಗೇ ಹಾಗಂದ.

*

ಮೈಸೂರಿಗೆ ಹೋದ ಮೊದಲ ದಿನ ಮಾತು ಕಲಿಸುವ ಟೀಚರ್ ಬಾಗಿಲಿಗೇ ಬಂದು ಕರೆದಿದ್ದರು. "ಅಪ್ಪ ಅಮ್ಮ ಇಬ್ಬರೂ ಒಳಗೆ ಬನ್ನಿ. ನಾನಿಲ್ಲಿ ಮಾಡೋದನ್ನ ಮನೇಲಿ ದಿನಾ ನೀವು ಮಾಡ್ಬೇಕು."

ಗೌರೀಶ ಹೊರಗೇ ನಿಂತ. "ಬೈಕು ರಿಪೇರಿಗೆ ಬುಟ್ರೆ ನಾವೇ ಪಾನಾ ಇಡ್ಕೋತೀವಾ? ಫೀಸ್ ಯಾತಕ್ಕೆ ಕೊಡಾದು?" ಒಂದು ಹೆಜ್ಜೆ ಒಳಗಿಟ್ಟಿದ್ದ ಚೈತ್ರ ಗಂಡನ ಕಣ್ಣು ನೋಡಿ ಹಿಂದಕ್ಕೆ ಬಂದಳು. ಸುಂದ್ರಮ್ಮ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋಗಿ ಚಾಪೆಯ ಮೇಲೆ ಕೂತಳು.

ಅಂದಿನಿಂದ ಮನೆಯಲ್ಲಿ ಅವಳದು ಒಂದೇ ಆಟ. ಮಂಡಿನೋವಿದ್ದರೂ ನೆಲಕ್ಕೆ ಕೂತು, ಬಾಳೆಹಣ್ಣನ್ನು ಮೊಮ್ಮಗಳ ಕಣ್ಣಿನ ಮಟ್ಟಕ್ಕೆ ಹಿಡಿದು, "ಏನ್ ಬೇಕವ್ವ?" ಎಂದು ಕೇಳಿ ಸುಮ್ಮನಾಗುವುದು. ಉತ್ತರವನ್ನು ತಾನು ಹೇಳುವಂತಿಲ್ಲ, ಕಾಯಬೇಕು. ಮಗು ರಚ್ಚೆ ಹಿಡಿದು, ಸೆರಗು ಎಳೆದು, ಕೊನೆಗೆ "ಅಣ್" ಅಂದರೆ ಸಾಕು, ಹಣ್ಣು ಅದರ ಕೈಗೆ, ಮುತ್ತು ಕೆನ್ನೆಗೆ.

ಆದರೆ ಅಷ್ಟು ಹೊತ್ತು ಕಾಯಲು ಆ ಮನೆಯಲ್ಲಿ ಇನ್ಯಾರಿಗೆ ಪುರುಸೊತ್ತು? "ಕೂಸ್ನ ಗೋಳಾಡಿಸ್ತೀಯಲ್ಲ, ರಾಕ್ಷಸೀನಾ ನೀನು?" ಎಂದು ಗೌರೀಶ ಹಣ್ಣು ಕಿತ್ತು ಮಗಳಿಗೆ ಕೊಟ್ಟು, ಕಾರ್ಟೂನ್ ಹಾಕಿದ ಮೊಬೈಲನ್ನೂ ಕೊಟ್ಟು ಹೋಗುತ್ತಿದ್ದ. ಮೊಮ್ಮಗಳಿಗೊಂದು ಹಣ್ಣು ಕೊಡಲೂ ಕೈ ಬಾರದ ಮುದುಕಿ ಅಂತ ಊರವರೂ ಆಡಿಕೊಂಡರು.

*

"ಒತ್ತಾಯ್ತು, ಎತ್ರಪ್ಪ," ಎಂದ ಬೆಟ್ಟಸ್ವಾಮಿ.

ಎತ್ತಲು ಬಗ್ಗಿದವರ ಕಾಲುಗಳ ನಡುವೆ ಶಿವಾನಿ ನುಸುಳಿದಳು. ಪೂಜೆಗೆ ಇಟ್ಟಿದ್ದ ಬಾಳೆಹಣ್ಣಿನ ಚಿಪ್ಪಿನಿಂದ ಒಂದು ಹಣ್ಣು ಮುರಿದುಕೊಂಡು ಅಜ್ಜಿಯ ಎದುರು ನೆಲದ ಮೇಲೆ ಕೂತಳು.

"ತಿನ್ನಾಕೆ ಮಾತ್ರ ಗೊತ್ತು ನೋಡು!" ಬೆಟ್ಟಸ್ವಾಮಿ ನಕ್ಕ. ಗೌರೀಶ ಕಾರ್ಟೂನ್ ಹಾಕಿ ಮೊಬೈಲನ್ನು ಮಗಳ ಮುಖಕ್ಕೆ ಹಿಡಿದ. ಅವಳು ಅದನ್ನು ಮೊಣಕೈಯಿಂದ ತಳ್ಳಿದಳು. ಅವಳನ್ನು ಎಳೆದುಕೊಳ್ಳಲು ಚಾಚಿದ ಅವನ ಕೈಯನ್ನು ಚೈತ್ರ ಗಟ್ಟಿಯಾಗಿ ಹಿಡಿದಳು.

"ಇರ್ರೀ," ಎಂದಳು, ಎಲ್ಲರಿಗೂ ಕೇಳುವ ಹಾಗೆ.

ಮಗು ಹಣ್ಣನ್ನು ವಿಭೂತಿ ಬಳಿದ ಆ ಮುಖದ ಮಟ್ಟಕ್ಕೆ ಎತ್ತಿ ಹಿಡಿಯಿತು.

"ಏನ್ ಬೇಕವ್ವ?"

ಕೇಳಿ, ಸುಮ್ಮನೆ ಕಾಯುತ್ತ ಕೂತಿತು.