ಎರಡು ನಿಮಿಷದ ಕೃತಜ್ಞತೆ

"ಕಣ್ಣು ಮುಚ್ಚಿ," ಎಂದ ಶಿವರಾಮು. ಇಪ್ಪತ್ತೊಂಬತ್ತು ಜೋಡಿ ಕಣ್ಣು ಮುಚ್ಚಿದವು. ಒಂದು ಜೋಡಿ ಅವನನ್ನೇ ನೋಡುತ್ತಿತ್ತು.

"ಚೆಲುವಣ್ಣ, ಮುಚ್ಚು."

"ಮಷೀನ್ ಮುಂದ ನಿಂತ್ಕಂಡು ಯಾವನ್ಲಾ ಕಣ್ ಮುಚ್ಚಾನು? ಅದೇನ್ ನಿನ್ ಎಡ್ತಿಯಾ?"

"ಎಡ್ತಿ ಮುಂದ್ಲೂ ಮುಚ್ಚಬ್ಯಾಡ ಕಣಣ್ಣ," ಎಂದ ಪುಟ್ಟಮಾದು, ಕಣ್ಣು ತೆರೆಯದೆಯೇ. ಸಾಲಿನುದ್ದಕ್ಕೂ ನಗೆ ಹರಿಯಿತು.

ಗುಂಡ್ಲುಪೇಟೆ ರಸ್ತೆಯ ಆ ಗ್ರಾನೈಟ್ ಕಾರ್ಖಾನೆ ಕೈ ಬದಲಾಗಿ ಎರಡು ತಿಂಗಳಾಗಿತ್ತು. ಹೊಸ ಯಜಮಾನರು ಕಲ್ಲು ಕೊಯ್ಯುವ ಹೊಸ ಮಷೀನು ತಂದರು. ಜೊತೆಗೆ ಅಧ್ಯಾತ್ಮವನ್ನೂ ತಂದರು. ಬೆಳಗ್ಗೆ ಏಳಕ್ಕೆ ಎರಡು ನಿಮಿಷ ಕಣ್ಣು ಮುಚ್ಚಿ ಅನ್ನ ಕೊಡುವ ಯಂತ್ರಕ್ಕೆ ಕೃತಜ್ಞತೆ ಸಲ್ಲಿಸಬೇಕು. ಗಂಟೆ ಹೊಡೆದೊಡನೆ ಕೆಲಸ. ಇದನ್ನೆಲ್ಲ ಕಲಿಸುವುದು ಎಂ.ಎ. ಓದಿದ ಸೂಪರ್‌ವೈಸರ್ ಶಿವರಾಮುವಿನ ಪಾಲಿಗೆ ಬಂದಿತ್ತು.

ಅವನನ್ನು ಈ ಕೆಲಸಕ್ಕೆ ಸೇರಿಸಿದವನೇ ಕಣ್ಣು ಮುಚ್ಚದ ಈ ಚೆಲುವಯ್ಯ. ಇಪ್ಪತ್ತು ವರ್ಷದಿಂದ ಚೆಲುವಯ್ಯ ಕೆಲಸಕ್ಕೆ ಮುಂಚೆ ಬ್ಲೇಡನ್ನು ಅಂಗೈಯಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಆಮೇಲೆ ತಾನೇ ಸ್ವಿಚ್ಚು ಹಾಕುತ್ತಿದ್ದ. ಈಗ ಸ್ವಿಚ್ಚು ಗಾಜಿನ ಕೋಣೆಯಲ್ಲಿ, ಶಿವರಾಮುವಿನ ಕೈಯಲ್ಲಿ. ಮುದುಕ ಕೈ ತೆಗೆಯುವವರೆಗೆ ಶಿವರಾಮು ದಿನವೂ ಕಾಯುತ್ತಿದ್ದ. ಗಂಟೆ ಹೊಡೆದ ಮೇಲೆ ಹತ್ತು ಸೆಕೆಂಡು.

ಆ ಹತ್ತು ಸೆಕೆಂಡು ಮ್ಯಾನೇಜರ್ ಕನಕರಾಜುವಿನ ಕಣ್ಣಿಗೆ ಬಿದ್ದಿತ್ತು. "ಮುದುಕ ಬದಲಾಗ್ಬೇಕು," ಎಂದಿದ್ದ ನಿನ್ನೆ. "ಇಲ್ಲಾಂದ್ರೆ ನಿಮ್ಮನ್ನ ಬದಲಾಯಿಸ್ತೀವಿ."

ಇಂದು ಅವನೇ ಗಾಜಿನ ಕೋಣೆಗೆ ಬಂದು ನಿಂತಿದ್ದ. "ನೀವೂ ಮುಚ್ಚಿ," ಎಂದ ಶಿವರಾಮುವಿಗೆ.

ಒಳಗೆ ಹೋಗಿ ಸ್ವಿಚ್ಚಿನ ಮೇಲೆ ಬೆರಳಿಟ್ಟು ಶಿವರಾಮು ಕಣ್ಣು ಮುಚ್ಚಿದ. ಯಾರಿಗೆ ಕೃತಜ್ಞತೆ ಹೇಳುವುದು? ಒಂದು ಮುಖವೂ ಮೂಡಲಿಲ್ಲ. ಪಕ್ಕದಲ್ಲಿ ಕನಕರಾಜುವಿನ ಉಸಿರಾಟವಷ್ಟೇ ಕೇಳುತ್ತಿತ್ತು.

ಗಂಟೆ ಹೊಡೆಯಿತು.

ಮೊದಲು ಕಣ್ಣು ತೆರೆದನೋ, ಮೊದಲು ಸ್ವಿಚ್ಚು ಒತ್ತಿದನೋ. ಬ್ಲೇಡಿನ ಮೇಲೆ ಹರಡಿದ್ದ ಅಂಗೈ ಕಂಡಿತು. ಕಂಡಾಗ ಅದು ಇನ್ನೂ ಇತ್ತು. ಮರುಕ್ಷಣ ಮಷೀನಿನ ನೀರು ಕೆಂಪಾಗಿ ಗಾಜಿಗೆ ಚಿಮ್ಮಿತು. ನಾಲ್ಕು ಬೆರಳು ಕಲ್ಲುಪುಡಿಯ ಬೂದು ಕೆಸರಿಗೆ ಬಿದ್ದವು. ಕೂಗಿದವನು ಚೆಲುವಯ್ಯನಲ್ಲ, ಪುಟ್ಟಮಾದು.

"ಆಫ್ ಮಾಡಿ ಸಾ! ಆಫ್ ಮಾಡ್ಲಾ ಬೋಳಿಮಗನೆ!"

ಕನಕರಾಜು ಕೈ ಚಾಚಿ ತಾನೇ ಆಫ್ ಮಾಡಿದ. ಮೆಲ್ಲಗೆ ಕೇಳಿದ: "ನೀವು ಕಣ್ಣು ಮುಚ್ಚಿದ್ರಿ, ಅಲ್ವಾ?"

"ಹೂಂ."

ಶಿವರಾಮು ಓಡಿಹೋಗಿ ಮುದುಕನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಬಿಗಿಹಿಡಿದ. ಚಾಮರಾಜನಗರಕ್ಕೆ ಹೊರಟ ಟೆಂಪೋದಲ್ಲಿ ಚೆಲುವಯ್ಯ ಅವನ ತೊಡೆಯ ಮೇಲೆ ತಲೆಯಿಟ್ಟಿದ್ದ.

"ಗಾಜ್ನೊಳ್ಗ ತೆರ್ದಿದ್ ನಿನ್ ಕಣ್ಣು ಕಾಣ್ತಿತ್ತು ಕಣ್ಲಾ," ಎಂದ.

"ಯಾವಾಗ, ಚೆಲುವಣ್ಣ?"

ಮುದುಕ ಕಣ್ಣು ಮುಚ್ಚಿದ.

ಆಸ್ಪತ್ರೆಯಲ್ಲಿ ನರ್ಸ್ ಕತ್ತರಿ ಹಿಡಿದು ಬಂದಳು. "ಕೈ ಬಿಡಿ ಸಾರ್."

ಅವನು ಬಿಡಲು ನೋಡಿದ; ಬಿಗಿದ ಬೆರಳು ಬಿಚ್ಚಲಿಲ್ಲ. ರಕ್ತವೂ ಕಲ್ಲುಪುಡಿಯೂ ಕಲೆತು ಬೆರಳುಗಳ ಮೇಲೆ ಬೂದು ಪದರವಾಗಿ ಒಣಗಿತ್ತು.

"ಕೈ ಬಿಡೀಂದ್ರೆ!"

ಅವಳು ಅವನ ಒಂದೊಂದೇ ಬೆರಳನ್ನು ಮೀಟತೊಡಗಿದಳು. ಪದರ ಚಕ್ಕೆಚಕ್ಕೆಯಾಗಿ ಬಿಳಿಯ ಹಾಸಿಗೆಯ ಮೇಲೆ ಉದುರಿತು. ಯಾವುದು ತನ್ನ ಬೆರಳು, ಯಾವುದು ಕಲ್ಲು ಎಂದು ಶಿವರಾಮುವಿಗೆ ತಿಳಿಯಲಿಲ್ಲ. ನೋವಂತೂ ಆಗುತ್ತಿರಲಿಲ್ಲ.