ಮರುಬಡಿತ

"ಏ ಇವಳೇ, ಅದನ್ನ ಕಿವಿಗೆ ಹಾಕ್ಕೋ ಅಂತ ಕೊಟ್ಟಿರೋದು. ಮಡಿಲಲ್ಲಿಟ್ಕೊಂಡು ಕೂತಿದೀಯಲ್ಲ, ಹಾಲು ಕುಡಿಸ್ತೀಯಾ ಅದಕ್ಕೆ?"

ಹಿಂದಿನ ಸಾಲಿನಿಂದ ಮೇಸ್ತ್ರಿ ಬಗ್ಗಿ ನನ್ನ ನಾದಿನಿಯನ್ನು ಕೇಳಿದ. ಅವನ ಅಕ್ಕಪಕ್ಕದವರು ಹಲ್ಲು ಕಿಸಿದರು. ನಾದಿನಿ ಹೆಡ್‌ಫೋನನ್ನು ಮಡಿಲಿನಿಂದ ಎತ್ತಲಿಲ್ಲ.

"ಕಿವಿ ಮುಚ್ಕೊಂಡು ಕೂತು ರೂಢಿ ಇಲ್ಲ ನಮಗೆ."

ಮೊಂಡುತನವಲ್ಲ ಅದು. ನಾವು ಹಳೆ ಹಡಗು ಒಡೆಯುವವರು. ಹಡಗಿನ ಹೊಟ್ಟೆಯೊಳಗೆ ಒಬ್ಬ ಇಳಿದಿರುತ್ತಾನೆ, ಹೊರಗಿನಿಂದ ಇನ್ನೊಬ್ಬ ಗ್ಯಾಸಿನ ಬೆಂಕಿಯಲ್ಲಿ ಉಕ್ಕು ಕೊಯ್ಯುತ್ತಾನೆ. ಕೊಯ್ಯುವ ಮುಂಚೆ ಸುತ್ತಿಗೆಯಲ್ಲಿ ಮೂರು ಸಲ ಬಡಿಯಬೇಕು. ಒಳಗಿನವನು ಪಕ್ಕಕ್ಕೆ ಸರಿದು, ತಾನೂ ಮೂರು ಬಡಿಯಬೇಕು. ಆ ಮರುಬಡಿತ ಬರದೆ ಬೆಂಕಿ ಹಚ್ಚುವಂತಿಲ್ಲ. ಅದಕ್ಕೇ ಎಂಥ ಚಳಿಯಲ್ಲೂ ನಮ್ಮಲ್ಲಿ ಯಾರೂ ಕಿವಿಗೆ ಬಟ್ಟೆ ಕಟ್ಟುವುದಿಲ್ಲ.

ಬಡಿದು ಕಾಯುವುದು ನಾದಿನಿಯ ಕೆಲಸ. ಅವಳ ಗಂಡ, ಅಂದರೆ ನನ್ನ ತಮ್ಮ, ಸತ್ತ ದಿನವೂ ಅವಳು ಬಡಿದು ಕಾಯುತ್ತಿದ್ದಳು. ಮೇಸ್ತ್ರಿಗೆ ತಾಳ್ಮೆ ಇರಲಿಲ್ಲ. "ಅವ್ನು ಆಗಲೇ ಹೊರಗೆ ಬಂದು ಬೀಡಿ ಸೇದ್ತಿರ್ತಾನೆ, ಹಚ್ರೋ" ಎಂದ. ಹಚ್ಚಿದರು. ಆಮೇಲಿಂದ ಅವನ ಹೊಸ ಕಾಯಿದೆ: ಬಡಿಯೋದು ಬಡಿ, ಕಾಯೋದು ಬೇಡ. ನಾಳೆ ಎಣ್ಣೆ ಟ್ಯಾಂಕಿಗೆ ಇಳಿಯುವ ಸರದಿ ನನ್ನದು.

ಈಗ ಹತ್ತಾರು ದೇಶದವರು ಸೇರಿ ಹಡಗು ಒಡೆಯುವುದಕ್ಕೆ ಒಂದೇ ಕಾನೂನು ಮಾಡುತ್ತಾರಂತೆ. ಕೆಲಸಗಾರರನ್ನು ಕೇಳದೆ ಒಂದಕ್ಷರ ಬರೆಯುವುದಿಲ್ಲವಂತೆ. ಹಾಗಾಗಿ ನಮಗೆ ಇಸ್ತ್ರಿ ಅಂಗಿ, ಕೊರಳಿಗೊಂದು ಚೀಟಿ, ಹಲ್ಲು ಕಟಕಟಿಸುವಂಥ ತಂಪು ಸಭಾಂಗಣ. ಮೂಲೆಯ ಗಾಜಿನ ಗೂಡಿನಲ್ಲಿ ಕೂತ ಹುಡುಗಿಯೊಬ್ಬಳು ಅವರ ಮಾತನ್ನು ನಮ್ಮ ಕಿವಿಗೂ ನಮ್ಮ ಮಾತನ್ನು ಅವರ ಕಿವಿಗೂ ದಾಟಿಸುತ್ತಿದ್ದಳು.

ಬಣ್ಣದ ಚೀಟಿ ಹಿಡಿದ ಮೇಡಮ್ಮು, ನಮ್ಮ ಜೊತೆ ಹಗ್ಗ ಎಳೆಯುವ, ನಾವೆಲ್ಲ ಮಾವ ಎನ್ನುವ ಮುದುಕನ ಮುಂದೆ ಬಂದು ನಿಂತರು. "ನಿಮ್ಮ ಮನಸ್ಸಿನಲ್ಲಿರೋದನ್ನ ಒಂದೇ ಪದದಲ್ಲಿ ಹೇಳಿ, ಗೋಡೆಗೆ ಅಂಟಿಸ್ತೀನಿ."

"ಬೈಗುಳ ನಡೆಯುತ್ತಾ ತಾಯಿ?"

ಮೇಡಮ್ಮು ನಕ್ಕು, 'ಭರವಸೆ' ಎಂದು ತಾವೇ ಬರೆದು ಅಂಟಿಸಿದರು.

ನಾದಿನಿಯ ಸರದಿ ಬಂತು. ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು. "ನಿಮ್ಮ ಕಾನೂನಲ್ಲಿ ಒಂದೇ ಒಂದು ಸಾಲು ಸೇರಿಸಿ ಸ್ವಾಮಿ. ಮರುಬಡಿತ ಬರದೆ ಬೆಂಕಿ ಹಚ್ಚಂಗಿಲ್ಲ, ಹಚ್ಚಿಸಿದೋನು ಜೈಲಿಗೆ ಹೋಗ್ಬೇಕು ಅಂತ. ನನ್ನ ಗಂಡ ಒಳಗಿದ್ದ. ನಾನು ಬಡಿದು ಕಾಯ್ತಾ ಇದ್ದೆ. ಈ ಮುಂಡೇಮಗ..."

ಕೆಂಪು ದೀಪ ಹತ್ತಿತು. ಮೈಕು ಸತ್ತಿತು. ಅವಳ ತುಟಿ ಇನ್ನೂ ಆಡುತ್ತಿತ್ತು.

ವೇದಿಕೆಯ ಅಧ್ಯಕ್ಷ ಎದೆಯ ಮೇಲೆ ಕೈಯಿಟ್ಟುಕೊಂಡು ಏನೋ ಹೇಳಿದ. ಮುಂದಿನ ಸಾಲಿನ ಸೂಟಿನವರೆಲ್ಲ ಚಪ್ಪಾಳೆ ತಟ್ಟಿದರು. ನಾನು ಹೆಡ್‌ಫೋನನ್ನು ಒಂದು ಕಿವಿಯ ಹತ್ತಿರ ಹಿಡಿದೆ. ಗಾಜಿನ ಗೂಡಿನ ಹುಡುಗಿಯ ದನಿ: "ಸೋದರಿಯ ನೋವು ನಮ್ಮ ಹೃದಯ ತಟ್ಟಿದೆ. ಅದನ್ನು ಭಾವನೆಗಳ ವಿಭಾಗದಲ್ಲಿ ದಾಖಲಿಸಿದ್ದೇವೆ. ಕರಡಿನಲ್ಲಿ ಬದಲಾವಣೆ ಬೇಕಾಗಿಲ್ಲ. ಕೆಲಸಗಾರರ ಸಮ್ಮತಿಯೊಂದಿಗೆ ಅದನ್ನು ಅಂಗೀಕರಿಸಲಾಗಿದೆ."

"ಏನಂದ, ಭಾವ?" ನಾದಿನಿ ಕೇಳಿದಳು.

"ನಾವು ಒಪ್ಪಿದ್ವಂತೆ."

"ಯಾವಾಗ?"

"ಈಗ."

"ಅವ್ನಜ್ಜಿ," ಎಂದ ಮಾವ. "ನಾನು ಕೆಮ್ಮಿದ್ದನ್ನ ಲೆಕ್ಕಕ್ಕೆ ಹಿಡಿದ್ನೇನೋ!"

ಮೇಸ್ತ್ರಿ ಎದ್ದು ನಿಂತ. "ಚಪ್ಪಾಳೆ ತಟ್ರೋ ದರಿದ್ರಗಳಾ, ಫೋಟೋ ತೆಗೀತಿದಾರೆ. ಬೇಗ ಬಸ್ಸು ಹತ್ತಿ. ನಾಳೆ ಟ್ಯಾಂಕು ಮುಗೀಬೇಕು."

ನಾದಿನಿ ಬಸ್ಸಿನ ಕಡೆ ಹೋಗಲಿಲ್ಲ. ವೇದಿಕೆ ಹತ್ತಿದಳು. ಅವಳ ಸುತ್ತಿಗೆಯನ್ನು ಕಾವಲಿನವರು ಬಾಗಿಲಲ್ಲೇ ಕಿತ್ತಿಟ್ಟುಕೊಂಡಿದ್ದರಲ್ಲ, ಹೆಡ್‌ಫೋನಿನಿಂದಲೇ ಅಧ್ಯಕ್ಷನ ಮೇಜಿನ ಮೇಲೆ ಮೂರು ಬಡಿದಳು. ಪ್ಲಾಸ್ಟಿಕ್ ಚೂರು ಹಾರಿತು. ಆಮೇಲೆ ಹಡಗಿನ ಪಕ್ಕ ನಿಲ್ಲುವ ಹಾಗೇ ಕತ್ತು ವಾಲಿಸಿ, ಕಿವಿಗೊಟ್ಟು ನಿಂತಳು.

ಅಧ್ಯಕ್ಷ ಕುರ್ಚಿಯನ್ನು ಹಿಂದಕ್ಕೆ ಜರುಗಿಸಿ ಗಾಜಿನ ಗೂಡಿನತ್ತ ಏನೋ ಕೂಗಿದ. ನನ್ನ ಕಿವಿಯಲ್ಲಿ ಹುಡುಗಿಯ ದನಿ ನಡುಗಿತು. "ಅವರಿಗೆ ಏನು ಬೇಕಂತೆ?"

"ಬಡಿದಾಯ್ತು, ಕಾಯ್ತಿದಾಳೆ ಅಂತ ಹೇಳಮ್ಮ!" ಎಂದು ನಾನು ಕೂಗಿದೆ.

ಮೇಸ್ತ್ರಿ ನನ್ನ ಕೊರಳಪಟ್ಟಿಗೆ ಕೈ ಹಾಕಿದ. "ಸೂಳೆಮಗನೆ, ನಾಳೆ ಕೆಲಸ ಬೇಕೋ ಬೇಡ್ವೋ?"

"ನಾಳೆ ಟ್ಯಾಂಕಿಗೆ ನೀನೇ ಇಳಿಯೋ. ನಾನು ಹೊರಗಿಂದ ಬಡೀತೀನಿ."

ಅವನ ಕೈ ಕಿತ್ತೆಸೆದು ಮುಂದಿನ ಬೆಂಚಿನ ಬೆನ್ನಿಗೆ ಮೂರು ಬಡಿದೆ. ಮಾವ ಬಡಿದ. ಸಾಲಿಗೆ ಸಾಲೇ ಬಡಿಯಿತು. ನಿಲ್ಲಿಸಿದೆವು, ಕಾದೆವು. ವೇದಿಕೆಯಿಂದ ಏನೂ ಬರಲಿಲ್ಲ. ಮತ್ತೆ ಮೂರು, ನಾದಿನಿಯೂ ಮೇಜಿನ ಮೇಲೆ ಮೂರು. ಒಂದೊಂದು ಬಡಿತಕ್ಕೂ ಅಧ್ಯಕ್ಷನ ನೀರಿನ ಲೋಟ ಮೇಜಿನ ಅಂಚಿನತ್ತ ಜರುಗುತ್ತಿತ್ತು. ನಾದಿನಿಯ ಕೈಗೆ ಎಟಕುವಷ್ಟೇ ದೂರದಲ್ಲಿತ್ತು. ಅವಳು ಹಿಡಿಯಲಿಲ್ಲ. ಲೋಟ ಬಿತ್ತು.